ಹೋಮ್ ಥಿಯೇಟರ್‌ಗೆ ಯಾವ ಪ್ರೊಜೆಕ್ಟರ್ ಸ್ಕ್ರೀನ್ ಒಳ್ಳೆಯದು?

ಮೊದಲು ರೂಮಿನ ಬೆಳಕು ನೋಡಿ, ಸ್ಕ್ರೀನ್ ಆಮೇಲೆ. ಕಿಟಕಿ ಮುಚ್ಚಿ ಪೂರ್ತಿ ಕತ್ತಲು ಮಾಡಬಹುದಾದರೆ ಗೇನ್ (ಸ್ಕ್ರೀನ್ ಬೆಳಕನ್ನು ಎದುರಿಗೆ ಎಷ್ಟು ಮರಳಿಸುತ್ತದೆ ಅನ್ನುವ ಅಳತೆ) 1.0 ಇರುವ ಸಾದಾ ಮ್ಯಾಟ್ ವೈಟ್ ಸ್ಕ್ರೀನ್ ಸಾಕು. ಬಣ್ಣ ಸಹಜವಾಗಿರುತ್ತದೆ, ಪಕ್ಕದಲ್ಲಿ ಕೂತವರಿಗೂ ಚಿತ್ರ ಚೆನ್ನಾಗಿ ಕಾಣುತ್ತದೆ. ಗೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಸುಮ್ನೆ ಅಂದುಕೊಳ್ಳಬೇಡಿ. ಅದು ಹೊಸ ಬೆಳಕನ್ನು ತರುವುದಿಲ್ಲ, ಇರುವ ಬೆಳಕನ್ನೇ ಎದುರಿಗೆ ಜಾಸ್ತಿ ಕಳಿಸುತ್ತದೆ. ಪಕ್ಕದ ಸೀಟಿಗೆ ಚಿತ್ರ ಮಂಕಾಗುತ್ತದೆ.

ದೀಪ ಹಾಕಿಕೊಂಡೇ ನೋಡುವ ಹಾಲ್ ಆದರೆ ಎಎಲ್‌ಆರ್ ಸ್ಕ್ರೀನ್, ಅಂದರೆ ರೂಮಿನ ಬೆಳಕನ್ನು ತಡೆಯುವ ಸ್ಕ್ರೀನ್ ಬೇಕು. ಆದರೆ ಗೋಡೆಯ ಬುಡದಲ್ಲಿಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರ್‌ಗೆಂದು ಮಾಡಿದ ಎಎಲ್‌ಆರ್ ಅನ್ನು ಚಾವಣಿಗೆ ತೂಗುಹಾಕಿದ ಪ್ರೊಜೆಕ್ಟರ್‌ಗೆ ಖಂಡಿತ ತಗೊಳ್ಳಬೇಡಿ. ಮೇಲಿನಿಂದ ಬರುವ ಬೆಳಕನ್ನು ತಡೆಯುವುದೇ ಅದರ ಕೆಲಸ ಅಲ್ವಾ? ನಿಮ್ಮ ಸಿನಿಮಾವನ್ನೂ ತಡೆಯುತ್ತದೆ.

100 ಇಂಚಿನ (ಮೂಲೆಯಿಂದ ಎದುರು ಮೂಲೆಗೆ ಅಳತೆ) 16:9 ಸ್ಕ್ರೀನ್ ಸುಮಾರು 221 ಸೆಂ.ಮೀ. ಅಗಲ ಇರುತ್ತದೆ. 120 ಇಂಚಿಗೆ ಹೋದರೆ ಅಷ್ಟೇ ಬೆಳಕು 1.44 ಪಟ್ಟು ಜಾಗಕ್ಕೆ ಹರಡಬೇಕು. ಕೊಳ್ಳುವ ಮುಂಚೆ ಗೋಡೆ ಮೇಲೆ ಟೇಪ್ ಅಂಟಿಸಿ ಅಳತೆ ಗುರುತು ಮಾಡಿ, ನಿಮ್ಮ ಸೋಫಾದಲ್ಲೇ ಕೂತು ನೋಡಿ.

ಜಾಗ ಇದ್ದರೆ ಗೋಡೆಗೆ ಕಾಯಂ ಆಗಿ ಕೂರಿಸುವ ಫಿಕ್ಸೆಡ್ ಫ್ರೇಮ್ ಸ್ಕ್ರೀನ್ ತಗೊಳ್ಳಿ. ಸುತ್ತಿಡುವ ಸ್ಕ್ರೀನ್‌ನಲ್ಲಿ ಬರಬರುತ್ತಾ ಅಲೆಯಂಥ ಸುಕ್ಕು ಬೀಳಬಹುದು. ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳಲ್ಲಿ ಅದು ಎದ್ದು ಕಾಣುತ್ತದೆ.