ಸುಮ್ನೆ ಬಿಲ್ ಎಂಟ್ರಿ ಮಾಡ್ತಿದ್ದೆ ಅಷ್ಟೇ ಮೇಡಂ

ಕೆಲಸ ಹುಡುಕೋಕೆ ಸಹಾಯ ಕೇಳಿ ನನ್ನ ಹತ್ತಿರ ಬಂದ ಇವರ ಹೆಸರು ಸುಮಾ ಅಂತ ಇಟ್ಟುಕೊಳ್ಳೋಣ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ವಯಸ್ಸು 36, ಮನೆ ಬೆಂಗಳೂರಿನ ದಾಸರಹಳ್ಳಿ ಕಡೆ. ಬಿ.ಕಾಂ. ಮುಗಿಸಿ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. 2019ರಲ್ಲಿ ಅತ್ತೆಗೆ ಲಕ್ವ ಹೊಡೆಯಿತು, ಮಗು ಬೇರೆ ಚಿಕ್ಕದು, ಕೆಲಸ ಬಿಟ್ಟರು. ಈಗ ಮತ್ತೆ ಕೆಲಸ ಹುಡುಕುತ್ತಿದ್ದಾರೆ. ಎಷ್ಟು ಕಡೆ ಅರ್ಜಿ ಹಾಕಿದರೂ ಒಂದು ಫೋನೂ ಇಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ, "ನನ್ ಕೈಲಿ ಇನ್ನು ಆಗಲ್ಲ ಅನ್ಸುತ್ತೆ ಮೇಡಂ" ಅಂತ ಹೇಳಿಕೊಂಡೇ ಬಂದು ಕೂತರು.

ರೆಸ್ಯೂಮೆ ತೋರಿಸಿ ಅಂದೆ. ನಾಲ್ಕು ಪುಟ. ಸೈಬರ್ ಸೆಂಟರ್‌ನವರು ಹಾಕಿಕೊಟ್ಟ ಉದ್ದನೆಯ 'ಕೆರಿಯರ್ ಆಬ್ಜೆಕ್ಟಿವ್', ಆಮೇಲೆ ತಂದೆಯ ಹೆಸರು, ಗಂಡನ ಹೆಸರು, ಧರ್ಮ, ಜಾತಿ, ಆಧಾರ್ ನಂಬರ್ ಕೂಡ! ಐದು ವರ್ಷ ದುಡಿದ ಕೆಲಸಕ್ಕೆ ಮಾತ್ರ ಮೂರನೇ ಪುಟದಲ್ಲಿ ಒಂದೇ ಸಾಲು: ಅಕೌಂಟ್ಸ್ ಅಸಿಸ್ಟೆಂಟ್, 2014–2019.

ಅಲ್ಲಿ ಏನೇನು ಮಾಡುತ್ತಿದ್ದಿರಿ ಅಂತ ಕೇಳಿದರೆ, "ಸುಮ್ನೆ ಬಿಲ್ ಎಂಟ್ರಿ ಮಾಡ್ತಿದ್ದೆ ಅಷ್ಟೇ ಮೇಡಂ." ನಾನು ಬಿಡಲಿಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಆಗ ಸಪ್ಲೈಯರ್‌ಗಳಿಗೆಲ್ಲ ಫೋನ್ ಮಾಡಿ ಜಿಎಸ್‌ಟಿ ನಂಬರ್ ತಗೊಂಡು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕಿದ್ದು ಯಾರು? "ನಾನೇ." ಸ್ಟಾಕ್ ಐಟಂಗಳಿಗೆ ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ಗುರುತಿಸುವ ಸಂಖ್ಯೆ)? "ಅದೂ ನಾನೇ." ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-1, 3ಬಿ) ಲೆಕ್ಕ ತಯಾರು ಮಾಡಿ ಆಡಿಟರ್‌ಗೆ ಕಳಿಸುತ್ತಿದ್ದಿದ್ದು? ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೆಲ್ಲಾ ಬರೀಬಹುದಾ?" ಅಂದರು.

ಬರೀಬೇಕು! ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅದರಲ್ಲೂ ಹೆಣ್ಣುಮಕ್ಕಳನ್ನು. ತಾವು ಹೊತ್ತ ಕೆಲಸವನ್ನು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಒಂದು ಸಾಲಿನ ಕೆಳಗೆ ಹೀಗೆ ಬರೆಸಿದೆ (ಇಂಗ್ಲಿಷಿನಲ್ಲಿ, ಆದರೆ ಅವರು ಹೇಳಿದ ಹಾಗೇ): 'ಜಿಎಸ್‌ಟಿ ಬಂದಾಗ ಎಲ್ಲಾ ಸಪ್ಲೈಯರ್ ಲೆಡ್ಜರ್ ಮತ್ತು ಸ್ಟಾಕ್ ಐಟಂಗಳನ್ನು ಟ್ಯಾಲಿಯಲ್ಲಿ ಹೊಸದಾಗಿ ಹೊಂದಿಸಿದೆ, ಜಿಎಸ್‌ಟಿಆರ್-1, 3ಬಿ ಲೆಕ್ಕವನ್ನು ಪ್ರತಿ ತಿಂಗಳು ಆಡಿಟರ್‌ಗೆ ಸಿದ್ಧಪಡಿಸಿದೆ.' ಎಷ್ಟು ಲೆಡ್ಜರ್, ತಿಂಗಳಿಗೆ ಎಷ್ಟು ಬಿಲ್ ಅನ್ನೋದು ನೆನಪಿದ್ದರೆ ಅದನ್ನೂ ಸೇರಿಸಿ ಅಂದೆ. ಇದು ಮೊದಲ ಪುಟದಲ್ಲೇ, ಹೆಸರು-ಫೋನ್ ನಂಬರ್ ಆದ ತಕ್ಷಣ. ಜಾತಿ, ಧರ್ಮ, ಆಧಾರ್ ಎಲ್ಲಾ ಹೊರಗೆ. ಎರಡು ಪುಟಕ್ಕಿಂತ ಜಾಸ್ತಿ ಬೇಡ. ಟೇಬಲ್ಲು, ಬಣ್ಣದ ಕಾಲಂ ಬೇಡ, ಯಾಕಂದ್ರೆ ಎಷ್ಟೋ ಕಡೆ ಮೊದಲು ಓದೋದು ಸಾಫ್ಟ್‌ವೇರ್, ಅದಕ್ಕೆ ಇವು ಗೊಂದಲ ಮಾಡುತ್ತವೆ.

ಗ್ಯಾಪ್, ಅಂದರೆ ಕೆಲಸವಿಲ್ಲದ ವರ್ಷಗಳ ವಿಷಯಕ್ಕೆ ಬಂದಾಗ ಕಣ್ಣು ತುಂಬಿಕೊಂಡರು. ನೆಂಟರೊಬ್ಬರು "ಯಾವುದಾದ್ರೂ ಕಂಪನಿ ಹೆಸರು ಹಾಕ್ಬಿಡು" ಅಂದಿದ್ದರಂತೆ. ಖಂಡಿತ ಬೇಡ ಅಂದೆ. ಪಿಎಫ್‌ನ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ದಾಖಲೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತೆ. 'ಮನೆಯ ಹಿರಿಯರ ಆರೈಕೆಗಾಗಿ ವಿರಾಮ' ಅಂತ ಒಂದೇ ಸಾಲು, ವರ್ಷದ ಸಮೇತ, ಸಾಕು. ಅದಕ್ಕೆ ಕ್ಷಮೆ ಕೇಳೋ ಅಗತ್ಯವೇ ಇಲ್ಲ.

ಆದರೆ ಆ ವರ್ಷಗಳಲ್ಲಿ ಕೆಲಸವೂ ಬದಲಾಗಿದೆ, ಅದನ್ನು ಮುಚ್ಚಿಡಬಾರದು ಅಲ್ವಾ? 2020ರಲ್ಲಿ ಟ್ಯಾಲಿಯ ಹೊಸ ರೂಪ ಟ್ಯಾಲಿಪ್ರೈಮ್ ಬಂತು. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ರೂಪಾಯಿ ದಾಟಿದ ವಹಿವಾಟಿನವರಿಗೂ ಇ-ಇನ್‌ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವುದು) ಕಡ್ಡಾಯವಾಯಿತು, ಅಂದರೆ ಪೀಣ್ಯದ ಎಷ್ಟೋ ಸಣ್ಣ ಕಾರ್ಖಾನೆಗಳಿಗೂ. ಟ್ಯಾಲಿಪ್ರೈಮ್‌ನ ಉಚಿತ ಎಜುಕೇಷನಲ್ ಮೋಡ್‌ನಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿ, ಕೈ ಕೂತ ಮೇಲೆ ಮಾತ್ರ ರೆಸ್ಯೂಮೆಗೆ ಸೇರಿಸಿ ಅಂದೆ. ಮಗು ಶಾಲೆಗೆ ಹೋದ ಮೇಲೆ ದಿನಾ ಕೂರುತ್ತಿದ್ದಾರೆ.

ಅರ್ಜಿಯನ್ನೂ ಊರೆಲ್ಲಾ ಹಾಕೋದು ಬಿಟ್ಟು, ಹಸಿರು ಮೆಟ್ರೋ ಮಾರ್ಗದಲ್ಲಿ ನಾಗಸಂದ್ರದಿಂದ ರಾಜಾಜಿನಗರದವರೆಗೆ ಅಂತ ಗೆರೆ ಹಾಕಿಕೊಂಡೆವು. ಕೆಲಸ ಕೊಡಿಸುತ್ತೇವೆ, ಮೊದಲು ದುಡ್ಡು ಕಟ್ಟಿ ಅನ್ನುವವರಿಗೆ ಒಂದು ರೂಪಾಯಿಯೂ ಬೇಡ.

ಈಗ ಒಂದು ಕಡೆಯಿಂದ ಇಂಟರ್‌ವ್ಯೂಗೆ ಕರೆ ಬಂದಿದೆ. ಗ್ಯಾಪ್ ಬಗ್ಗೆ ಕೇಳಿದರೆ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ, ತಕ್ಷಣ ಇ-ಇನ್‌ವಾಯ್ಸ್ ಕಲಿತ ವಿಷಯಕ್ಕೆ ಬನ್ನಿ ಅಂತ ರೂಢಿ ಮಾಡಿಸುತ್ತಿದ್ದೇನೆ. ಅವರು ಕೇಳದೇ ಇದ್ದರೆ ನೀವಾಗೇ ಎತ್ತೋದು ಬೇಡ ಅಂತಲೂ ಹೇಳಿದ್ದೇನೆ.