ತೇರು ಬೇಡ, ಸಮುದ್ರ ಅಕ್ಕನಿಗೆ, ಬಿಂಕದಕಟ್ಟಿ ಎಲ್ಲರಿಗೂ

ಪ್ರಶ್ನೆ: ನಮ್ಮದು ಗದಗ. ಐದು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್, ಎ.ಎಲ್.ಎಲ್. ಅಂತ. ಹತ್ತು ತಿಂಗಳಿಂದ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆದಿದೆ. ಜೋರಾದ ಕೀಮೋ ಮುಗಿದು ಈಗ ಮೇಂಟೆನೆನ್ಸ್ ಶುರುವಾಗಿದೆ, ಇನ್ನೂ ಒಂದೂವರೆ ವರ್ಷ ಗುಳಿಗೆ. ಹನ್ನೊಂದು ವರ್ಷದ ಮಗಳನ್ನು ಇಷ್ಟು ದಿನ ರಾಣೆಬೆನ್ನೂರಿನ ನನ್ನ ತವರಿನಲ್ಲಿ ಬಿಟ್ಟಿದ್ದೆವು. ಬೇಸಿಗೆ ರಜೆಗೆ ಬಂದವಳು ಸಮುದ್ರ ನೋಡಬೇಕು ಅಂತಾಳೆ. ಅತ್ತೆಯವರು ಮೊಮ್ಮಗನನ್ನು ಊರ ಜಾತ್ರೆಗೆ ಒಯ್ದು ಹರಕೆ ಮುಟ್ಟಿಸಬೇಕು ಅಂತಾರೆ. ಚಿಕಿತ್ಸೆ ಮುಗಿಯುವವರೆಗೆ ಎಲ್ಲೂ ಬೇಡ ಅನ್ನೋದು ನಮ್ಮ ಮನೆಯವರ ಮಾತು. ನನಗೋ, ಎರಡು ದಿನ ಆಸ್ಪತ್ರೆ ಮರೆತು ಎಲ್ಲಾದರೂ ಹೋಗಬೇಕು ಅನಿಸುತ್ತದೆ. ಹೀಗೆ ಅನಿಸುವುದು ತಪ್ಪೇ?

ಉತ್ತರ: ತಪ್ಪೇನಿಲ್ಲ, ತಂಗಿ. ಹತ್ತು ತಿಂಗಳು ವಾರ್ಡಿನಲ್ಲಿ ನಿದ್ದೆಗೆಟ್ಟವರಿಗೆ ಹಾಗೆ ಅನಿಸದಿದ್ದರೇ ಅಚ್ಚರಿ. ಆದರೆ ಮನೆಯಲ್ಲಿ ಮೂವರು ಮೂರು ಮಾತು ಹೇಳಿದ್ದಾರೆ, ಮಗನ ಡಾಕ್ಟರನ್ನು ಮಾತ್ರ ಯಾರೂ ಕೇಳಿದಂತಿಲ್ಲ. ಎಲ್ಲಿಗೆ, ಯಾವಾಗ ಅನ್ನುವುದು ಅವನ ಕೌಂಟ್, ಅಂದರೆ ರಕ್ತಕಣಗಳ ಲೆಕ್ಕ, ನೋಡಿ ಅವರು ಹೇಳಬೇಕಾದ ಮಾತು. ಇಲ್ಲಿ ನಾನು ಬರೆದದ್ದನ್ನೂ ಅವರ ಮುಂದಿಟ್ಟು ಕೇಳಿ.

ಜಾತ್ರೆಯ ಬಗ್ಗೆ ನನಗೆ ಎರಡು ಮನಸ್ಸಿಲ್ಲ. ಬೇಡ. ಮೇಂಟೆನೆನ್ಸ್ ಗುಳಿಗೆಗಳು ಬಿಳಿ ರಕ್ತಕಣಗಳನ್ನು ಬೇಕೆಂದೇ ಸ್ವಲ್ಪ ಕೆಳಗೆ ಹಿಡಿದಿಡುತ್ತವೆ. ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬವು 500ಕ್ಕಿಂತ ಕೆಳಗಿಳಿದರೆ ಸಣ್ಣ ಸೋಂಕೂ ಜೀವಕ್ಕೆ ಬರಬಹುದು. ಅಂಥ ಮಗುವನ್ನು ತೇರಿನ ಮಂದಿಯ ನಡುವೆ, ಧೂಳಿನಲ್ಲಿ, ಹತ್ತು ಮಂದಿ ಎತ್ತಿ ಮುದ್ದಾಡುವ ಕಡೆ ಒಯ್ಯುವುದು ಬೇಡ. ಊರ ಮನೆಯ ಹಿತ್ತಲಲ್ಲಿ ಮೇವಿನ ಬಣವಿ ಇದ್ದರೆ ಅದೂ ಆಗದು, ಒಣಹುಲ್ಲಿನ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಮೇಲಾಗಿ ಬೇಸಿಗೆಯಲ್ಲಿ ಮಕ್ಕಳಿಗೆ ಅಮ್ಮ ಬರುವುದು ಹೆಚ್ಚು, ಅದೇ ಚಿಕನ್‌ಪಾಕ್ಸ್. ಅಂಥ ಮಕ್ಕಳ ಹತ್ತಿರ ಇವನು ಹೋಗಿಬಂದದ್ದು ಗೊತ್ತಾದರೆ ಗುಳ್ಳೆ ಏಳುವವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಬೇಕು.

ಇದನ್ನು ಅತ್ತೆಗೆ ನೀವು ಹೇಳಲು ಹೋಗಬೇಡಿ, ಸೊಸೆ ಹರಕೆ ತಪ್ಪಿಸಿದಳು ಅಂತಾಗುತ್ತದೆ. ಅವರ ಮಗನೇ ತಾಯಿಗೆ ಹೇಳಲಿ: ‘ಯವ್ವಾ, ಈ ಸಲ ನೀ ಹೋಗಿ ಹರಕಿ ಮುಟ್ಟಿಸಿ ಬಾ. ಇವನ್ನ ಜಾತ್ರಿ ಮುಗದ ಮ್ಯಾಲೆ, ಡಾಕ್ಟರ್ ಹೂಂ ಅಂದಾಗ, ಮಂದಿ ಇಲ್ಲದ ಹೊತ್ತಿನ್ಯಾಗ ಕರಕೊಂಡು ಹೋಗಿ ಕೈ ಮುಗಿಸಿಕೊಂಡು ಬರತೀನಿ.’ ಆ ಹಿರಿಯ ಜೀವವೂ ಹತ್ತು ತಿಂಗಳು ದೇವರ ಮುಂದೆ ಕೂತಿದೆ. ಬರೀ ‘ಬೇಡ’ ಅಂದರೆ ಅವರು ಒಪ್ಪುವುದಿಲ್ಲ.

ನಿಮ್ಮ ಮನೆಯವರು ಹೆದರಿರುವುದು ಬಹುಶಃ ಜ್ವರಕ್ಕೆ. ಆ ಹೆದರಿಕೆ ಸುಳ್ಳಲ್ಲ. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡುವ ಹಾಗಿಲ್ಲ, ಊರಿನ ಡಾಕ್ಟರ ಕಡೆ ಒಂದು ಸೂಜಿ ಮಾಡಿಸೋಣ ಅನ್ನುವ ಹಾಗೂ ಇಲ್ಲ. ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಬೇಕು. ಅಲ್ಲಿ ಮುಟ್ಟಿದ ಒಂದು ತಾಸಿನೊಳಗೆ ರಕ್ತನಾಳಕ್ಕೆ ಆಂಟಿಬಯೋಟಿಕ್ ಹೋಗಬೇಕು. ಗೋಕರ್ಣದಿಂದ ರಾತ್ರಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಸೇರಲು ಮೂರ್ನಾಲ್ಕು ತಾಸು ಹಿಡಿಯುತ್ತದೆ. ಈ ಬೇಸಿಗೆ ಮಗನಿಗೆ ಸಮುದ್ರ ಬೇಡ ಎಂದು ನಾನು ಹೇಳುವುದು ಅದಕ್ಕೇ. ಆದರೆ ‘ಎಲ್ಲೂ ಬೇಡ’ ಅನ್ನುವುದನ್ನು ಒಪ್ಪಲಾರೆ. ಚಿಕಿತ್ಸೆ ಮುಗಿಯುವಷ್ಟರಲ್ಲಿ ಮಗಳಿಗೆ ಹದಿಮೂರಾಗುತ್ತದೆ. ಆಗ ಅವಳು ನಿಮ್ಮ ಜೊತೆ ಬರುವುದಕ್ಕಿಂತ ಗೆಳತಿಯರ ಜೊತೆ ಹೋಗುತ್ತೇನೆ ಅನ್ನಬಹುದು.

ನಿಮ್ಮ ಪತ್ರದಲ್ಲಿ ಮಗಳಿಗೆ ಎರಡೇ ಸಾಲು ಸಿಕ್ಕಿವೆ. ತಮ್ಮನಿಗೆ ಏನಾಗಿದೆ ಎಂದು ಅವಳಿಗೆ ಯಾರಾದರೂ ಕೂಡಿಸಿಕೊಂಡು ಹೇಳಿದ್ದೀರಾ? ಅವಳ ಶಾಲೆಯ ಗ್ಯಾದರಿಂಗಿಗೆ, ಪಾಲಕರ ಸಭೆಗೆ ನಿಮ್ಮಿಬ್ಬರಲ್ಲಿ ಯಾರಾದರೂ ಹೋಗಿದ್ದಿರಾ? ಹೋಗಲಾಗಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಹನ್ನೊಂದು ವರ್ಷದವಳಿಗೆ ಪೂರ್ತಿ ಅರ್ಥವಾಗದು. ತಾನು ಜಗಳಾಡಿದ್ದಕ್ಕೇ ತಮ್ಮನಿಗೆ ಜಡ್ಡು ಬಂತು ಎಂದು ನಂಬಿ ಕೂತ ಮಕ್ಕಳೂ ಇರುತ್ತಾರೆ. ಅಪ್ಪ ಅವಳೊಬ್ಬಳನ್ನೇ ಎರಡು ದಿನ ಗೋಕರ್ಣಕ್ಕೆ ಕರೆದೊಯ್ಯಲಿ. ತಮ್ಮನನ್ನು ಬಿಟ್ಟು ಹೇಗೆ ಅನ್ನಬೇಡಿ, ಅವಳನ್ನು ಬಿಟ್ಟು ನೀವು ಹತ್ತು ತಿಂಗಳು ಕಳೆದಿದ್ದೀರಿ. ಅಲ್ಲಿಂದ ತಮ್ಮನಿಗೆ ದಿನಕ್ಕೊಂದು ವಿಡಿಯೊ ಕಾಲ್ ಸಾಕು, ಗಂಟೆಗೊಮ್ಮೆ ‘ಅವನು ಉಂಡನಾ’ ಎಂದು ಅಪ್ಪ ಫೋನ್ ಹಿಡಿದು ಕೂರಬಾರದು.

ಇನ್ನು ನಾಲ್ವರೂ ಕೂಡಿ ಹೋಗುವುದು. ಹುಬ್ಬಳ್ಳಿಗೆ ಹೋಗುವಾಗಲೆಲ್ಲ ಬಿಂಕದಕಟ್ಟಿ ದಾಟಿಯೇ ಹೋಗುತ್ತೀರಿ. ಮಗ ಎಷ್ಟು ಸಲ ಕಿಟಕಿಯಿಂದ ಆ ಝೂ ಕಡೆ ಕೈ ಮಾಡಿದ್ದಾನೋ! ಬೇಸಿಗೆಯಲ್ಲಿ ಬಿಸಿಲೇರುವ ಮುನ್ನ, ವಾರದ ನಡುವಿನ ದಿನ, ಟೋಪಿ ಮತ್ತು ಉದ್ದ ತೋಳಿನ ಅಂಗಿ ಹಾಕಿ ಕರೆದೊಯ್ಯಿರಿ. ಮೇಂಟೆನೆನ್ಸ್ ಗುಳಿಗೆಗಳಲ್ಲಿ ಒಂದಾದ ಮೆಥೊಟ್ರೆಕ್ಸೇಟ್ ನುಂಗುವ ಮಕ್ಕಳ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ. ಇನ್ನೊಂದು ದಿನ ಶಿಗ್ಗಾವಿ ಹತ್ತಿರ ಗೊಟಗೋಡಿಯ ರಾಕ್ ಗಾರ್ಡನ್. ಅಲ್ಲಿನ ಸಿಮೆಂಟಿನ ಹಳ್ಳಿ, ದನಕರು, ಮಂದಿ ಎಲ್ಲ ನಿಜದಷ್ಟೇ ದೊಡ್ಡವು, ಮಕ್ಕಳು ಮಾತನಾಡಿಸಲು ಹೋಗುತ್ತಾರೆ. ಹುಬ್ಬಳ್ಳಿಯೂ ದೂರವಾಗದು. ಮಳೆಗಾಲ ಕಳೆದ ಮೇಲೆ ನಿಮ್ಮ ಜಿಲ್ಲೆಯದೇ ಮಾಗಡಿ ಕೆರೆ ಇದೆ, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ದಂಡೆಯಿಂದಲೇ ನೋಡಬಹುದು. ಬುತ್ತಿ ಮನೆಯದೇ ಇರಲಿ, ನೀರು ಕಾಯಿಸಿದ್ದು. ದಾರಿಯಲ್ಲಿ ಮಿರ್ಚಿ, ಗಿರಮಿಟ್ ನೀವು ತಿನ್ನಿ, ಅವನಿಗೆ ಸಿಪ್ಪೆ ಸುಲಿದ ಬಾಳೆಹಣ್ಣು. ಫೋಟೊ ಎಷ್ಟಾದರೂ ತೆಗೆಯಿರಿ, ಸ್ಟೇಟಸ್‌ಗೆ ಹಾಕಬೇಡಿ. ‘ಮಗನಿಗೆ ಹಿಂಗಾಗೇತಿ, ಇವರು ತಿರಗ್ಯಾಡಾಕ ಹೊಂಟಾರ’ ಅನ್ನುವ ಮಂದಿಗೆ ಉತ್ತರ ಕೊಡುವ ಕೆಲಸ ನಿಮಗೆ ಬೇಡ.

ಮುಂದಿನ ತಪಾಸಣೆಗೆ ಹೋದಾಗ ಮೂರು ಮಾತು ಕೇಳಿ: ಈಗಿನ ಕೌಂಟಿಗೆ ಹೊರಗೆ ಹೋಗಬಹುದೇ, ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಕಾಯಿಲೆ ಮತ್ತು ಔಷಧಿಯ ವಿವರ ಬರೆದ ಒಂದು ಚೀಟಿ ಕೊಡುತ್ತಾರೆಯೇ. ಗುಳಿಗೆಗಳನ್ನು ಕಾರಿನ ಬಿಸಿಯಲ್ಲಿ ಬಿಡಬೇಡಿ. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟಿನ ದಿನ ತಿರುಗಾಟದ ಗಡಿಬಿಡಿಯಲ್ಲಿ ಅದಲುಬದಲಾಗಬಾರದು, ಅದನ್ನು ದಿನಾ ಕೊಟ್ಟರೆ ವಿಷವೇ. ಹಿಂದಿನ ದಿನದ ರಕ್ತಪರೀಕ್ಷೆಯಲ್ಲಿ ಕೌಂಟ್ ಇಳಿದಿದ್ದರೆ ನಾಲ್ವರೂ ಹೋಗುವುದು ಮುಂದಕ್ಕೆ ಬೀಳುತ್ತದೆ ಎಂದು ಮಗಳಿಗೆ ಈಗಲೇ ಹೇಳಿಡಿ. ಹಾಗೆಯೇ, ತಮ್ಮನ ಕೌಂಟ್ ಏನೇ ಆದರೂ ಅವಳ ಗೋಕರ್ಣ ಮುಂದಕ್ಕೆ ಬೀಳದಂತೆ ನೋಡಿಕೊಳ್ಳಿ. ಆ ಎರಡು ದಿನ ನಿಮ್ಮ ಜೊತೆ ಇರಲು ರಾಣೆಬೆನ್ನೂರಿನಿಂದ ನಿಮ್ಮ ತಾಯಿಯನ್ನು ಕರೆಸಿಕೊಳ್ಳಿ.