ಇಂಗ್ಲೆಂಡಿನ ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ ಅಪ್ಪನ ಬ್ಲೂ ಬ್ಯಾಡ್ಜ್ (ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಕಾರ್ಡ್) ಇಟ್ಟಿದ್ದರೂ, ಹೊತ್ತು ಮೀರಿತೆಂದು ನೋಟಿಸ್ ಬಂದಿದೆ. ಅಪ್ಪ ವಾಕರ್ ಹಿಡಿದು ನಿಧಾನಕ್ಕೆ ಬಂದದ್ದರಿಂದ ತಡವಾಯಿತು. ಕಟ್ಟಬೇಕಾ?

ತಕ್ಷಣ ಕಟ್ಟಬೇಡಿ. ಬ್ಲೂ ಬ್ಯಾಡ್ಜ್‌ನ ರಿಯಾಯಿತಿ ಇರುವುದು ಮುಖ್ಯವಾಗಿ ರಸ್ತೆ ಬದಿಯ ಪಾರ್ಕಿಂಗ್‌ಗೆ. ಖಾಸಗಿ ಜಾಗದಲ್ಲಿ ಅಲ್ಲಿನ ಬೋರ್ಡೇ ಕರಾರು. ಬ್ಯಾಡ್ಜ್ ಇದ್ದವರೂ ದುಡ್ಡು ಕೊಡಬೇಕು ಅಂತ ಅದರಲ್ಲಿದ್ದರೆ ಕೊಡಬೇಕು.

ಆದರೆ ಬಂದಿರುವುದು ಸರ್ಕಾರಿ ದಂಡವಲ್ಲ, ಪಾರ್ಕಿಂಗ್ ನಡೆಸುವ ಖಾಸಗಿ ಕಂಪನಿಯ ಬಿಲ್ಲು. ನೋಡಿದರೆ ಎದೆ ಝಲ್ಲೆನ್ನುವ ಹಾಗೆ ಅಚ್ಚು ಹಾಕಿರುತ್ತಾರೆ, ಅಷ್ಟೇ! ಅಪ್ಪ ವಾಕರ್ ಹಿಡಿದು ನಿಧಾನಕ್ಕೆ ಬಂದದ್ದರಿಂದ ತಡವಾಯಿತು ಅಂದಿರಿ, ಅಲ್ವಾ? ಅದೇ ನಿಮ್ಮ ಬಲ. 2010ರ ಸಮಾನತೆ ಕಾಯ್ದೆ ಪ್ರಕಾರ ಅಂಗವಿಕಲರಿಗೆ ಸೇವೆ ಕೊಡುವವರು ನ್ಯಾಯವಾದ ಹೊಂದಾಣಿಕೆ ಮಾಡಿಕೊಳ್ಳಬೇಕು. ಜಾಸ್ತಿ ಸಮಯ ಕೊಡುವುದೂ ಅದರಲ್ಲಿ ಬರಬಹುದು.

ಬ್ಯಾಡ್ಜಿನ ಫೋಟೊ, ಅಂಗಡಿ ರಸೀದಿ ಸಮೇತ ಮೊದಲು ಕಂಪನಿಗೆ ಬರೆಯಿರಿ. ಒಪ್ಪದಿದ್ದರೆ ಖಾಸಗಿ ಪಾರ್ಕಿಂಗ್ ತಕರಾರು ಕೇಳುವ ಪೊಪ್ಲಾ (POPLA) ಇಲ್ಲವೇ ಐಎಎಸ್ (IAS) ಎಂಬ ಸಂಸ್ಥೆಗೆ ಮೇಲ್ಮನವಿ ಹಾಕಿ. ಯಾವುದಕ್ಕೆ ಅಂತ ಕಂಪನಿಯ ಉತ್ತರದಲ್ಲೇ ಇರುತ್ತದೆ. ಸುಮ್ನೆ ಮಾತ್ರ ಕೂರಬೇಡಿ, ಕೋರ್ಟಿಗೂ ಹೋಗುತ್ತಾರೆ.